ಬರದ ಹಣವು ಯಾರದು?

ವಿಜಯಪುರ, ಟಿಕೋಟ, ಬಬಲೇಶ್ವರಗಳ ಸುತ್ತಲಿನ ಹಳ್ಳಿಗಳಲ್ಲಿ ಸ್ವಂತ ಹೊಲವುಳ್ಳವರೂ ಇದ್ದಾರೆ, ಪರರ ಹೊಲವನ್ನು ಪಾಲಿಗೋ ಲಾವಣಿಗೋ ಹಿಡಿದು ಉಳುವವರೂ ಇದ್ದಾರೆ. ಈ ಇಬ್ಬರ ನಡುವೆ ಏಳುವ ಒಂದು ಪ್ರಶ್ನೆಯನ್ನು ಕುರಿತು ನಾವು ಈ ತಿಂಗಳು ವಿಚಾರ ಮಾಡೋಣ.

2023ರ ಮುಂಗಾರು ತಪ್ಪಿದಾಗ ಸರಕಾರವು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿತು. 2024ರ ಜನವರಿಯಲ್ಲಿ ರೈತನೊಬ್ಬನಿಗೆ 2,000 ರೂಪಾಯಿಯ ವರೆಗೆ ಮೊದಲ ಕಂತು ಬಂತು. ಮಿಕ್ಕದ್ದಕ್ಕಾಗಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಸುಮಾರು 3,454 ಕೋಟಿ ರೂಪಾಯಿಗಳನ್ನು ಕೊಟ್ಟಿತು. ಮಳೆಯನ್ನೇ ನಂಬಿದ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ವರೆಗೆ ಮಾತ್ರ, ಎಂಬದು ಆಗಿನ ಕಟ್ಟಳೆ. ಹಣವು ನಡುವಿನವರ ಕೈ ಸೇರದೆ ನೆಟ್ಟಗೆ ಬ್ಯಾಂಕಿನ ಖಾತೆಗೆ ಬಂತು. ಇದು ಒಳ್ಳೆಯದೇ. ಆದರೆ ಯಾರ ಖಾತೆಗೆ? ಉತಾರದಲ್ಲಿ ಯಾವನ ಹೆಸರುಂಟೋ ಅವನ ಖಾತೆಗೆ.

ಉತಾರದಲ್ಲಿ ಇರುವವನು ಹೊಲದ ಮಾಲಕನು. ಬೀಜಕ್ಕೂ ಗೊಬ್ಬರಕ್ಕೂ ಸಾಲಮಾಡಿ ತೊಗರಿ ಬಿತ್ತಿದವನೋ ಇನ್ನೊಬ್ಬನು. ಒಣಗಿದ್ದು ಇವನ ಬೆವರು, ಬಂದದ್ದು ಅವನ ಹಣ. ಇದರಲ್ಲೊಂದು ವಿಚಿತ್ರವುಂಟು. ಉಳುವವನಿಗೇ ಭೂಮಿಯಾಗಬೇಕೆಂದು ಭೂಸುಧಾರಣೆಯ ಕಾನೂನು 1974ರ ಮಾರ್ಚ್ 1ರಿಂದ ಗೇಣಿಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದರಿಂದ ಎಷ್ಟೋ ಮಂದಿ ಹೊಲವನ್ನು ಕಂಡರು. ಆದರೆ ಆಮೇಲೆ ಹೊಲ ಹಿಡಿದವರ ಮಾತುಕತೆಯೆಲ್ಲಾ ಬಾಯಿಮಾತಾಯಿತು. ಕಾಗದವಿಲ್ಲದವನನ್ನು ಸರಕಾರವು ಕಾಣುವದೆಂತು?

ಈ ಸೀಮೆಯ ಹಳೇ ಬರವನ್ನೂ ನೆನಪಿಗೆ ತಂದುಕೊಳ್ಳಿರಿ. 1876-78ರ ಘೋರ ಬರದಲ್ಲಿ, ಈ ಜಿಲ್ಲೆಗೆ ಕಲಾದಗಿ ಎಂಬ ಹೆಸರಿದ್ದಾಗ, ಸರಕಾರವು ಕೆರೆ ರಸ್ತೆಗಳ ಕೆಲಸ ತೆರೆದು ಕೂಲಿ ಕೊಟ್ಟಿತು. ಕೂಲಿಯು ಬಹು ಅಲ್ಪ, ಕೆಲಸವು ಕಠಿಣ. ಎಣಿಸಲಾರದಷ್ಟು ಜನರು ಸತ್ತರು. ಆ ಕಾಲವನ್ನು ನಾವು ಹೊಗಳುವವರಲ್ಲ. ಆದರೂ ಮಣ್ಣಿನ ಬುಟ್ಟಿ ಹೊರಲು ಬಂದವನನ್ನು ಹೊಲದ ಕಾಗದ ತೋರಿಸೆಂದು ಕೇಳುತ್ತಿರಲಿಲ್ಲ. ಹಸಿವೇ ಅವನ ಕಾಗದವಾಗಿತ್ತು.

ಸರಕಾರ ಕೊಟ್ಟದ್ದು ನನ್ನ ಹೆಸರಿಗೆ, ನಾನೇನು ಕದ್ದೆನೇ ಎಂದು ಮಾಲಕನು ಕೇಳಬಹುದು. ಕದ್ದಿಲ್ಲ, ನಿಜ. ಆದರೆ ಈ ಹಣವು ಹೊಲದ ಬಾಡಿಗೆಯೂ ಅಲ್ಲ, ಮಾಲಕತ್ವಕ್ಕೆ ಕೊಟ್ಟ ಬಹುಮಾನವೂ ಅಲ್ಲ. ಬೆಳೆ ಹಾಳಾಯಿತೆಂಬ ಒಂದೇ ಕಾರಣಕ್ಕಾಗಿ ಬಂದದ್ದು. ಆದದರಿಂದ ಹಾಳಾದದ್ದು ಯಾರದೆಂದು ಮೊದಲು ಕೇಳತಕ್ಕದ್ದು. ಲಾವಣಿಯ ಹಣವನ್ನು ಯುಗಾದಿಗೇ ಎಣಿಸಿಕೊಂಡ ಮಾಲಕನಿಗೆ ಮಳೆ ಬಂದರೂ ಬಾರದಿದ್ದರೂ ಒಂದೇ. ಅವನು ಬರದ ಹಣವನ್ನೂ ಇಟ್ಟುಕೊಂಡರೆ ಒಂದು ಹೊಲದಿಂದ ಎರಡು ಸುಗ್ಗಿ ಮಾಡಿದಂತಾಯಿತು. ಅದೂ ಬರದ ವರುಷದಲ್ಲಿ!

ಇನ್ನು ಕೆಲವರ ಭಯ ಬೇರೆ. ಹಣ ಕೊಟ್ಟರೆ ನಾಳೆ ಅವನು ಹೊಲವೇ ತನ್ನದೆಂದಾನು ಎನ್ನುತ್ತಾರೆ. ಈ ಭಯವನ್ನು ನಾವು ನಗೆಗೆ ಗುರಿಮಾಡುವದಿಲ್ಲ. ಹೊಲವೊಂದೇ ಆಧಾರವಾದವರು ಹೆದರುವದು ಸಹಜ. ಆದರೆ ಹೊಲವನ್ನು ಬಾಯಿಮಾತಿನಿಂದ ಕೊಟ್ಟಾಗ ಇಲ್ಲದ ಭಯವು ಹಣವನ್ನು ಕೈಯಿಂದ ಕೊಡುವಾಗ ಮಾತ್ರ ಹುಟ್ಟುವದೇಕೆ? ಮೋಶೆಯ ಧರ್ಮಶಾಸ್ತ್ರವು ಹೊಲದ ಅಂಚಿನ ಪೈರನ್ನು ಬಡವನಿಗೆ ಬಿಡಬೇಕೆಂದಾಗ ಮಾಲಕನ ಹಕ್ಕನ್ನು ಅಳಿಸಲಿಲ್ಲ. ಆ ಹಕ್ಕು ಎಲ್ಲಿ ನಿಲ್ಲುವದೆಂಬದನ್ನು ತೋರಿಸಿತು, ಅಷ್ಟೇ. ಇಲ್ಲಿಯಾದರೋ ಉಳುವವನು ಹಕ್ಕಲು ಆಯುವವನೂ ಅಲ್ಲ, ತನ್ನ ನಷ್ಟವನ್ನೇ ಕೇಳುವವನು.

ಪಾಲಿನ ಹೊಲದ ಲೆಕ್ಕವು ಸ್ವಲ್ಪ ತೊಡಕಿನದು. ಅಲ್ಲಿ ಮಾಲಕನೂ ತನ್ನ ಪಾಲಿನ ಕಾಳನ್ನು ಕಳಕೊಂಡಿದ್ದಾನೆ. ಅವಳು ಉಳಲಾರದೆ ಎರಡೆಕರೆಯನ್ನು ಪಾಲಿಗೆ ಕೊಟ್ಟ ವಿಧವೆಯಾಗಿದ್ದರೆ, ಎಲ್ಲವನ್ನೂ ಕೊಟ್ಟುಬಿಡೆಂದು ನಾವು ಹೇಳಲಾರೆವು. ರಾಶಿಯಾಗಿದ್ದರೆ ಕಣದಲ್ಲಿ ಹೇಗೆ ಹಂಚುತ್ತಿದ್ದರೋ ಹಣವನ್ನೂ ಹಾಗೆಯೇ ಹಂಚಲಿ: ಬೀಜದ ಖರ್ಚು ಯಾರದೋ ಅವರಿಗೆ ಅದನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಬಿತ್ತುವ ದಿನ ಆಡಿದ ಮಾತಿನಂತೆ ಇಬ್ಬರೂ ಕೂತು ಎಣಿಸಿಕೊಳ್ಳಲಿ.