ಯಾರ ಕಿವಿಗೆ ಹೊಂದಾಣಿಕೆ?

ಅಪ್ಪ ತೀರಿಕೊಂಡ ಮೇಲೆ ದಡ್ಡಿಯ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಟರ್ನ್‌ಟೇಬಲ್, ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ ಮತ್ತು ಎಂಬತ್ತು ಚಿಲ್ಲರೆ ಎಲ್‌ಪಿ ರೆಕಾರ್ಡುಗಳು. ಹೊಲದ ಬಗ್ಗೆ ನಡೆದಷ್ಟು ಮಾತು ಇವುಗಳ ಬಗ್ಗೆ ನಡೆಯಲಿಲ್ಲ. ಯಾರಿಗೂ ಬೇಕಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ನಮ್ಮ ಬೆಳಗಾವಿ ಸೀಮೆಯ ಸೂಳೇಭಾವಿಯಲ್ಲೇ ಹುಟ್ಟಿದ ಕುಮಾರ ಗಂಧರ್ವ: ಅಪ್ಪನಿಗೆ ಇವರೆಲ್ಲ ಮನೆಯ ಹಿರಿಯರಿದ್ದ ಹಾಗೆ.

ಅಪ್ಪನ ನೆನಪಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಬೆಂಗಳೂರಿನಿಂದ ದುಬಾರಿಯದೊಂದು ಕಾರ್ಟ್ರಿಜ್ ತಂದೆ. ರೆಕಾರ್ಡಿನ ಗೀರಿನಲ್ಲಿ ಓಡುವ ಸೂಜಿಯ ನಡುಕವನ್ನು ವಿದ್ಯುತ್ತಾಗಿ ಮಾಡುವ, ಹೆಬ್ಬೆರಳ ತುದಿಯಷ್ಟು ದೊಡ್ಡ ವಸ್ತು ಅದು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಮನ್ಸೂರರನ್ನು ಹಚ್ಚಿದರೆ, ಅವರು ಮೂರು ಮನೆ ಆಚೆ ಹಾಡುತ್ತಿದ್ದಂತೆ ಕೇಳಿಸಿತು. ವಾಲ್ಯೂಮ್ ಏರಿಸಿದರೆ ಹಾಡಿಗಿಂತ ಮುಂಚೆ ಭುಸ್ಸೆನ್ನುವ ಸದ್ದು. ಆಂಪ್ಲಿಫೈಯರ್ ಹಳತಾಯಿತೆಂದು ಬೈದುಕೊಂಡು ಎಲ್ಲವನ್ನೂ ಗೋಕಾಕದ ರೇಡಿಯೊ ರಿಪೇರಿಯವರ ಹತ್ತಿರ ಹೊತ್ತೊಯ್ದೆ. ಅವರು ಅರ್ಧ ತಾಸು ತಪಾಸಣೆ ಮಾಡಿ ಹೇಳಿದ್ದು ಇಷ್ಟೇ: “ಯಾವುದೂ ಕೆಟ್ಟಿಲ್ಲರಿ ಸರ. ಒಂದಕ್ಕೊಂದು ಹೊಂದವಲ್ವು, ಅಷ್ಟ.”

ಕಾರಣ ಸರಳ. ಅಪ್ಪನ ಹಳೆಯ ಕಾರ್ಟ್ರಿಜ್ಜಿನಲ್ಲಿ ಅಲುಗಾಡುವುದು ಆಯಸ್ಕಾಂತ. ಅಂಥದ್ದು ಸುಮಾರು 5 ಮಿಲಿವೋಲ್ಟ್ ಕೊಡುತ್ತದೆ. ನಾನು ತಂದದ್ದರಲ್ಲಿ ಅಲುಗಾಡುವುದು ತಂತಿಯ ಸುರುಳಿ. ಅದು ಕೊಡುವುದು ಹೆಚ್ಚೆಂದರೆ ಅರ್ಧ ಮಿಲಿವೋಲ್ಟ್. ಸೂಕ್ಷ್ಮ ಹೆಚ್ಚು, ದನಿ ಹತ್ತನೇ ಒಂದು ಪಾಲು. ಅಪ್ಪನ ಆಂಪ್ಲಿಫೈಯರ್ 5 ಮಿಲಿವೋಲ್ಟಿಗೆ ತಯಾರಾಗಿ ಕೂತದ್ದು. ಎರಡೂ ತಮ್ಮ ತಮ್ಮ ಜಾಗದಲ್ಲಿ ಉತ್ತಮವೇ. ಕೂಡಿದಾಗ ಬಂದ ಕೇಡು ಎರಡರಲ್ಲಿ ಯಾವುದರ ಒಳಗೂ ಇರಲಿಲ್ಲ.

ಈ ಮಾತು ನನ್ನನ್ನು ಕಾಡಲು ಬೇರೆ ಕಾರಣವಿದೆ. “ಹೊಂದವಲ್ದು” ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಮೊದಲು ಬಳಸಿದ್ದು ಯಂತ್ರಕ್ಕಲ್ಲ, ಅಕ್ಕನಿಗೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಅವಳು ಪೆಟ್ಟಿಗೆ ಹಿಡಿದು ಬಂದು ನಿಂತಾಗ ಅವ್ವ ಅಂದದ್ದೂ ಇದನ್ನೇ, ಓಣಿ ಅಂದದ್ದೂ ಇದನ್ನೇ. ಅದಕ್ಕೂ ಮುಂಚೆ ಎಸ್‌ಟಿಡಿ ಬೂತಿನಿಂದ ಅವಳು ಅಳುತ್ತ ಫೋನ್ ಮಾಡಿದ್ದಳು. ಆಗಿನ್ನೂ ಕಾಲೇಜು ಹುಡುಗನಾದ ನಾನು, ನಾಲ್ಕು ಪುಸ್ತಕ ಓದಿದ ಸೊಕ್ಕಿನಲ್ಲಿ, “ಸ್ವಲ್ಪ ಹೊಂದಿಕೊಂಡು ಹೋಗಬೇಕಕ್ಕ” ಎಂದಿದ್ದೆ. ಆ ಕಡೆ ಆಮೇಲೆ ಮಾತೇ ಬರಲಿಲ್ಲ.

ಯಂತ್ರದವರು ಹೊಂದಾಣಿಕೆ ಅನ್ನುವಾಗ ಏನು ಹೇಳುತ್ತಾರೆ ನೋಡಿ. ಕಾರ್ಟ್ರಿಜ್ಜಿನದು ಕ್ಷೀಣ ದನಿ, ಅದಕ್ಕೆ ಗಟ್ಟಿಯಾಗಿ ಕೂಗು ಎಂದು ಹೇಳುವಂತಿಲ್ಲ. ಆದ್ದರಿಂದ ಆಂಪ್ಲಿಫೈಯರಿನ ಬಾಗಿಲಲ್ಲಿ 47,000 ಓಮಿನ ತಡೆ ಇಡುತ್ತಾರೆ. ತಡೆ ಹೆಚ್ಚಿದ್ದಷ್ಟೂ ಅದು ಎಳೆದುಕೊಳ್ಳುವ ಕರೆಂಟು ಕಡಿಮೆ. ಅಂದರೆ ಕೇಳಿಸಿಕೊಳ್ಳುವವನು ಹೇಳುವವನ ಶಕ್ತಿಯನ್ನು ಹೀರದೆ ಕೇಳಿಸಿಕೊಳ್ಳಬೇಕು. ಬಲವಿರುವ ಕಡೆಯಲ್ಲಿ ಹೊಣೆ ಇದೆ. ನಮ್ಮ ಮನೆಗಳಲ್ಲಿ ಇದು ಪೂರಾ ತಿರುವುಮುರುವು. ಹೊಸದಾಗಿ ಬಂದವಳು, ದನಿ ಸಣ್ಣದಿರುವವಳು, ಅವಳೇ ಹೊಂದಬೇಕು. ಗೋಡೆಗೆ ಮೊಳೆ ಹೊಡೆದು ಕೂತವರು ಕೂತಲ್ಲೇ ಕೂತಿರುತ್ತಾರೆ.

ಸಂಗೀತಗಾರರಿಗೆ ಇದು ಗೊತ್ತಿರುವ ಮಾತು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ರೆಕಾರ್ಡುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಮೇಲೆ ದನಿ ಇಳಿಯಿತು. ಗೊತ್ತಿಲ್ಲದವರು ಗಂಡಸು ಹಾಡುತ್ತಿದ್ದಾನೆ ಎನ್ನುವಷ್ಟು. ಆಗ ತಂಬೂರಿಯ ಶ್ರುತಿ ಇಳಿಸಿದರು. ಹಳೆಯ ಶ್ರುತಿಗೇ ಹೊಂದಿಕೋ ಎಂದು ಆ ಕಂಠವನ್ನು ಒತ್ತಾಯಿಸಿದ್ದರೆ ಕಿರಾನಾ ಘರಾಣೆಗೆ ಆ ಗಂಭೀರ ದನಿ ಸಿಗುತ್ತಿರಲಿಲ್ಲ.

ಇಷ್ಟು ಬರೆದು ನನಗೇ ಅನುಮಾನ. ಕಾರ್ಟ್ರಿಜ್ಜಿಗೆ ನೋವಿಲ್ಲ, ಆಸೆಯಿಲ್ಲ. ಅಕ್ಕನನ್ನು ಅದಕ್ಕೆ ಹೋಲಿಸುವುದೂ ಒಂದು ಬಗೆಯ ಅವಮಾನವೇ. ಮೇಲಾಗಿ ಆ 47,000 ಓಮಿಗೆ ಇನ್ನೊಂದು ಮುಖವಿದೆ. ತಡೆಯನ್ನು ವಿಪರೀತ ಏರಿಸಿದರೆ ಆಯಸ್ಕಾಂತದ ಕಾರ್ಟ್ರಿಜ್ಜಿನ ಮೇಲಿನ ಸ್ವರಗಳು ಕೀರಲಾಗುತ್ತವೆ. ಅದಕ್ಕೂ ಒಂದಿಷ್ಟು ಭಾರ ಬೇಕು, ತನ್ನನ್ನು ತಡೆದು ಹಿಡಿಯುವ ಏನೋ ಒಂದು. ಅಕ್ಕ ತಿರುಗಿ ಬಂದಮೇಲೆ ನಾವು ಮಾಡಿದ್ದು ಇದೇ ತಪ್ಪು. ಅವಳ ಪಾಡಿಗೆ ಅವಳನ್ನು ಬಿಟ್ಟೆವು. ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಅದನ್ನೇ ಮರ್ಯಾದೆ ಎಂದುಕೊಂಡೆವು. ಅವಳು ಹೊಲಿಗೆ ಮಷಿನ್ನಿನ ಮೇಲೆ ಬಗ್ಗಿದ್ದಳು, ಸಿಡುಕುವುದು ಹೆಚ್ಚಾಯಿತು. ಸಿಡುಕು ಅವಳ ಸ್ವಭಾವ ಎಂದೆವು.

ಇನ್ನೊಂದು ಸಂಗತಿ. ಸ್ಟೀರಿಯೊಗೆ ಸರಿಯಾದ ಜಾಗ ಒಂದೇ: ಎರಡು ಪೆಟ್ಟಿಗೆಗಳಿಂದ ಸಮದೂರದ ಆ ಬಿಂದು. ನಮ್ಮ ಪಡಸಾಲೆಯಲ್ಲಿ ಅಲ್ಲಿ ಅಪ್ಪನ ಕುರ್ಚಿ ಇತ್ತು, ಕಾಲುಗಳ ಸುತ್ತ ಸುಣ್ಣದ ಗುರುತು ಸಮೇತ. ಅವ್ವ, ಅಕ್ಕ ಕೇಳಿದ್ದೆಲ್ಲ ಅಡಿಗೆಮನೆಯ ಬಾಗಿಲಿನಿಂದ. ಎಲ್ಲ ಚೆನ್ನಾಗಿ ಹೊಂದಿದೆ ಎಂದು ಅಪ್ಪ ಹೇಳುತ್ತಿದ್ದದ್ದು ಆ ಕುರ್ಚಿಯಿಂದ.

ರಿಪೇರಿಯವರು ಹಳೆಯ ಕಾರ್ಟ್ರಿಜ್ಜಿಗೇ ಹೊಸ ಸೂಜಿ ಹಾಕಿಸಿಕೊಟ್ಟರು. ಹೋದ ದೀಪಾವಳಿಯಲ್ಲಿ ಹಚ್ಚಿದೆ. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು, ಕುರ್ಚಿಯನ್ನು ಬಿಟ್ಟು ಬಲಗಡೆ ಗೋಡೆಗೆ ಆತು ನೆಲಕ್ಕೆ ಕೂತಳು. ರೆಕಾರ್ಡಿನ ಒಂದು ಮಗ್ಗುಲು ಮುಗಿದಾಗ ಧೈರ್ಯ ಮಾಡಿದೆ.

“ಅಕ್ಕ, ಅವತ್ತು ಫೋನಿನ್ಯಾಗ ನಾ ಹಂಗ ಅನ್ನಬಾರದಿತ್ತು.”

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. “ಈಗ್ಯಾಕ ತಗೀತಿ ಅದನ್ನ? ಮೊದಲ ಇದನ್ನ ನೋಡು ತಮ್ಮಾ. ನನ್ನ ಬಾಜೂಕಿನ ಪೆಟ್ಟಿಗಿ ಹಾಡವಲ್ದು.”

ಎದ್ದು ನೋಡಿದೆ. ಕೊನೆಯ ವರ್ಷಗಳಲ್ಲಿ ಅಪ್ಪನ ಎಡಗಿವಿ ಮಂದವಾಗಿತ್ತು. ಬ್ಯಾಲನ್ಸ್ ನಾಬ್ ಇನ್ನೂ ಎಡಕ್ಕೇ ತಿರುಗಿ ನಿಂತಿತ್ತು.