ಪಾಡ್ದನ, ತಂತ್ರಾಂಶ ಮತ್ತು ಶಬ್ದದ ನಿತ್ಯತೆ

ಶಬ್ದವು ನಿತ್ಯವೋ ಅನಿತ್ಯವೋ ಎಂಬ ವಾದ ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದ ಮೊದಲ ಪಾದದಲ್ಲಿಯೇ ಬರುತ್ತದೆ. ಶಬ್ದವು ಮನುಷ್ಯನ ಪ್ರಯತ್ನದಿಂದ ಹುಟ್ಟುತ್ತದೆ, ಹುಟ್ಟಿದೊಡನೆ ಅಳಿಯುತ್ತದೆ, ಹಲವರು ಒಟ್ಟಾಗಿ ಉಚ್ಚರಿಸಿದರೆ ಹಿಗ್ಗುತ್ತದೆ, ಆದ್ದರಿಂದ ಅನಿತ್ಯ ಎಂಬುದು ಪೂರ್ವಪಕ್ಷ. ಹಿಗ್ಗುವುದು ನಾದವೇ ಹೊರತು ಶಬ್ದವಲ್ಲ, ಉಚ್ಚಾರಣೆಯು ಮೊದಲೇ ಇರುವ ಶಬ್ದವನ್ನು ವ್ಯಕ್ತಗೊಳಿಸುತ್ತದೆಯಷ್ಟೆ ಎಂಬುದು ಸಿದ್ಧಾಂತ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಶಬ್ದವು ಆಕಾಶದ ಗುಣ; ವೀಚೀತರಂಗ ನ್ಯಾಯದಂತೆ, ಎಂದರೆ ನೀರಿನಲ್ಲಿ ಒಂದು ಅಲೆ ಮತ್ತೊಂದು ಅಲೆಯನ್ನು ಎಬ್ಬಿಸುವಂತೆ, ಒಂದು ಶಬ್ದ ಮುಂದಿನದನ್ನು ಹುಟ್ಟಿಸಿ ತಾನು ಇಲ್ಲವಾಗುತ್ತದೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಹಳೆಯ ವಾದ ಇಂದು ಧ್ವನಿಮುದ್ರಣ ತಂತ್ರಾಂಶಗಳ ಹೋಲಿಕೆಯೊಳಗೆ ಅಡಗಿ ಕುಳಿತಿದೆ. ಭಜನಾ ಮಂಡಳಿಗೂ ತಾಳಮದ್ದಳೆಯ ಸಂಘಕ್ಕೂ ಪಾಡ್ದನಗಳೆಂಬ ತುಳು ಕಥನಗೀತೆಗಳ ಸಂಗ್ರಾಹಕನಿಗೂ ಒಂದು ಮೈಕು, ಒಂದು ಲ್ಯಾಪ್‌ಟಾಪು ಸಾಕೆನ್ನುವ ಕಾಲ ಬಂದಿರುವುದರಿಂದ, ಯಾವ ತಂತ್ರಾಂಶ ಸುಲಭ, ಯಾವುದನ್ನು ಕಲಿಯಲು ತಿಂಗಳುಗಟ್ಟಲೆ ಬೇಕು ಎಂಬ ವಿಚಾರಣೆ ಸಹಜವೇ. ಆದರೆ ಸುಲಭವೆನಿಸುವ ತಂತ್ರಾಂಶದಲ್ಲಿ, ನಾದವೆಂದರೆ ಏನು, ಅದರಲ್ಲಿ ಉಳಿಯಬೇಕಾದ್ದು ಯಾವುದು ಎಂಬ ತೀರ್ಮಾನಗಳನ್ನು ಅದನ್ನು ಕಟ್ಟಿದವರು ಮೊದಲೇ ಮಾಡಿಟ್ಟಿರುತ್ತಾರೆ. ಬಳಸುವವನ ಶ್ರಮ ಉಳಿಯುವುದು ಆ ತೀರ್ಮಾನಗಳ ಹೊರೆ ಅವನ ಮೇಲೆ ಬೀಳದಿರುವುದರಿಂದ.

2000ದಲ್ಲಿ ಬಿಡುಗಡೆಯಾದ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಕೆಂಪು ಗುಂಡಿಯನ್ನೊತ್ತಿದರೆ ಧ್ವನಿಯ ಅಲೆ ಪರದೆಯ ಮೇಲೆ ಮೂಡತೊಡಗುತ್ತದೆ. ಒಂದು ಸಂಜೆಯಲ್ಲಿ ಯಾರಾದರೂ ಅದನ್ನು ಕಲಿತಾರು. ರೀಪರ್ ಎಂಬ ತಂತ್ರಾಂಶವನ್ನು ತೆರೆದವನ ಎದುರು ಮಾತ್ರ ಬರಿದಾದ ಪರದೆ. ಟ್ರ್ಯಾಕ್ ಎಷ್ಟು ಬೇಕು, ಯಾವುದರ ಧ್ವನಿ ಯಾವುದಕ್ಕೆ ಹರಿಯಬೇಕು ಎಂಬುದನ್ನೆಲ್ಲ ಅವನೇ ಹೇಳಬೇಕು. 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಿಂದ ಹೊರಬಂದ ಎಫ್‌ಎಲ್ ಸ್ಟುಡಿಯೋದಲ್ಲಿ ಚೌಕುಳಿಗಳನ್ನು ತುಂಬಿದರೆ ತಾಳ ತಾನಾಗಿಯೇ ಕೂಡಿಬರುತ್ತದೆ, ನಾಲ್ಕರ ಎಣಿಕೆಯ ತಾಳವಾದರೆ.

ಯಕ್ಷಗಾನದ ಪದ್ಯಕ್ಕೆ ಆ ಚೌಕುಳಿ ಒಗ್ಗುವುದಿಲ್ಲ. ಹತ್ತು ಅಕ್ಷರಗಳ ಝಂಪೆ ತಾಳವನ್ನು ಅಂಕೆಗಳನ್ನು ಬದಲಿಸಿ ಹೇಗೋ ಕೂಡಿಸಬಹುದು. ಭಾಗವತನು ವೇಷಧಾರಿಯ ಹೆಜ್ಜೆಯನ್ನು ನೋಡಿಕೊಂಡು ಲಯವನ್ನು ಏರಿಸುವುದನ್ನು, ಒಂದು ಸೊಲ್ಲಿನಲ್ಲಿ ತುಸು ತಡೆದು ನಿಲ್ಲಿಸುವುದನ್ನು ಕೂಡಿಸಲಾಗದು. ಜರುಗಿದ ಪೆಟ್ಟುಗಳನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುವ ಸೌಲಭ್ಯವನ್ನು ಬಳಸಿದರೆ ಚೆಂಡೆ ತಪ್ಪಿಲ್ಲದೆ ಕೇಳಿಸುತ್ತದೆ. ಆದರೆ ಅದು ಯಾರೂ ನುಡಿಸದ ಚೆಂಡೆ. ಇಲ್ಲಿ ಭರ್ತೃಹರಿಯ ವಾಕ್ಯಪದೀಯದ ವಿಂಗಡಣೆ ಉಪಯುಕ್ತ: ಸ್ಫೋಟವನ್ನು, ಎಂದರೆ ಅರ್ಥವನ್ನು ಹೊತ್ತ ಅಖಂಡ ಶಬ್ದವನ್ನು, ಗ್ರಹಿಸಲು ಕಾರಣವಾಗುವುದು ಪ್ರಾಕೃತ ಧ್ವನಿ, ದ್ರುತ, ಮಧ್ಯ, ವಿಲಂಬಿತ ಎಂಬ ವೇಗದ ಭೇದಗಳಿಗೆ ಕಾರಣವಾಗುವುದು ವೈಕೃತ ಧ್ವನಿ, ಅದರಿಂದ ಸ್ಫೋಟಕ್ಕೆ ಬಾಧೆಯಿಲ್ಲ. ವೇಗವನ್ನು ಹಿಗ್ಗಿಸಿ ಕುಗ್ಗಿಸಿದರೂ ಹಾಡು ಅದೇ ಎಂದು ನಂಬುವ ತಂತ್ರಾಂಶ ತನಗರಿವಿಲ್ಲದೆಯೇ ಭರ್ತೃಹರಿಯ ಪಕ್ಷದಲ್ಲಿದೆ. ವ್ಯಾಕರಣದ ಮಟ್ಟಿಗೆ ಅದು ಸರಿಯಿರಬಹುದು. ರಂಗದ ಮಟ್ಟಿಗೆ ವೈಕೃತವೆಂದು ಬದಿಗಿರಿಸಿದ್ದರಲ್ಲೇ ಭಾಗವತಿಕೆ ಇದೆ.

ಪ್ರಶ್ನೆ ಇನ್ನೂ ಬಿಗಿಯಾಗುವುದು ಗದ್ದಲವನ್ನು ತೆಗೆಯುವ ಕೆಲಸದಲ್ಲಿ. ಆಡಾಸಿಟಿಯಲ್ಲಿ ಇದಕ್ಕೆ ಎರಡು ಹೆಜ್ಜೆಗಳಿವೆ: ಹಾಡು ಇಲ್ಲದ ಒಂದು ತುಣುಕನ್ನು ಆರಿಸಿ, ಇದು ಗದ್ದಲದ ಮಾದರಿ ಎಂದು ಯಂತ್ರಕ್ಕೆ ತೋರಿಸುವುದು, ಬಳಿಕ ಇಡೀ ಮುದ್ರಣವನ್ನು ಆರಿಸಿ, ಆ ಮಾದರಿಯ ಮಟ್ಟವನ್ನು ಮೀರದ ಕಂಪನಗಳನ್ನೆಲ್ಲ ತಗ್ಗಿಸುವಂತೆ ಹೇಳುವುದು. ಅಡಿಕೆ ತೋಟದ ನಡುವಿನ ಮನೆಯಲ್ಲಿ ಮುದ್ರಿಸಿದ ಭಜನೆಯಿಂದ ಜೀರುಂಡೆಯ ಸದ್ದನ್ನು ಹೀಗೆ ತೆಗೆದರೆ ಯಾರಿಗೂ ನಷ್ಟವಿಲ್ಲ. ನೇಮದ, ಎಂದರೆ ದೈವಾರಾಧನೆಯ ಉತ್ಸವದ, ಸಂಗತಿ ಬೇರೆ. ದೈವಕ್ಕೆ ಬಣ್ಣ ಬರೆಯುವ ಹೊತ್ತಿನಲ್ಲಿ ನಲಿಕೆ, ಪಂಬದ, ಪರವ ಸಮುದಾಯಗಳ ಹೆಂಗಸರು ತೆಂಬರೆ ಬಡಿಯುತ್ತ ದೈವದ ಹುಟ್ಟು, ಪ್ರಸರಣ, ಕಾರಣಿಕಗಳನ್ನು ಪಾಡ್ದನವಾಗಿ ಹೇಳುತ್ತಾರೆ. ಆಗ ಅಲುಗಿಸಿದ ಗಗ್ಗರದ, ಎಂದರೆ ದೈವದ ಕಾಲ್ಗಡಗದ, ಕಂಚಿನ ದನಿ ಆರುತ್ತಾ ಹೋಗಿ ಕೊನೆಗೆ ಬಹಳ ಕ್ಷೀಣವಾಗಿ ಉಳಿಯುತ್ತದೆ. ಯಂತ್ರಕ್ಕೆ ಆ ಕ್ಷೀಣ ದನಿಯೂ ತೋಟದ ಜೀರುಂಡೆಯೂ ಒಂದೇ, ಎರಡೂ ಮಟ್ಟಕ್ಕಿಂತ ಕೆಳಗಿವೆ. ಗುಂಡಿಯನ್ನೊತ್ತಿದವನು ಹಾಡನ್ನು ಶುದ್ಧಗೊಳಿಸಿದೆನೆಂದುಕೊಳ್ಳುತ್ತಾನೆ. ಆರಾಧನೆಯ ಯಾವ ಸದ್ದು ಆರಾಧನೆಗೆ ಸೇರಿದ್ದಲ್ಲ ಎಂದು ತೀರ್ಪು ಕೊಟ್ಟದ್ದು ಅವನ ಗಮನಕ್ಕೆ ಬರುವುದೇ ಇಲ್ಲ.

ಮುದ್ರಣವೇ ಪಾಡ್ದನವನ್ನು ಕೊಲ್ಲುತ್ತದೆ ಎಂದು ಇದರಿಂದ ಹೇಳಲಾಗದು. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪಾಡ್ದನಗಳನ್ನು ಅಚ್ಚುಮಾಡಿದಾಗ ರಾಗವೂ ತೆಂಬರೆಯೂ ಪುಟದ ಹೊರಗೇ ಉಳಿದವು. ನೆರೆಯ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನವನ್ನು ಬರೆದುಕೊಳ್ಳಲೆಂದು ನಿಧಾನವಾಗಿ ಹೇಳಿದಾಗ ಅದು ಸುಮಾರು 8,500 ಸಾಲುಗಳಷ್ಟಾಗಿತ್ತು; 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡದ ಮುಂದೆ ಹಾಡಿದಾಗ 15,683 ಸಾಲುಗಳಿಗೆ ಬೆಳೆಯಿತು. ಒಬ್ಬನೇ ಗಾಯಕ, ಒಂದೇ ಕಥೆ, ಆದರೂ ಎರಡು ಅಳತೆ. ಇವೆರಡರಲ್ಲಿ ಮೂಲ ಯಾವುದೆಂದು ಕೇಳಿದರೆ ಮೀಮಾಂಸಕನ ಉತ್ತರ ತಡವರಿಸುತ್ತದೆ, ಏಕೆಂದರೆ ವೇದದಂತೆ ಅಕ್ಷರವೂ ಕದಲದ ಪಾಠ ಇಲ್ಲಿಲ್ಲ. ನೈಯಾಯಿಕನ ಅಲೆಯ ಲೆಕ್ಕವೇ ಪಾಡ್ದನಕ್ಕೆ ಹೆಚ್ಚು ಹೊಂದುತ್ತದೆ. ಹೊಂಕೊ ಅವರು ಗಾಯಕನ ಮನಸ್ಸಿನಲ್ಲಿ, ಸಂದರ್ಭಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಬಲ್ಲ ಒಂದು ಮಾನಸಿಕ ಪಾಠ ಇರುತ್ತದೆಂದು ಹೇಳಿದ್ದು ಈ ಎರಡು ಪಕ್ಷಗಳ ನಡುವಣ ಮಾತು.

ಇನ್ನು ಅಧಿಕಾರದ, ಎಂದರೆ ಕರ್ಮವನ್ನು ಮಾಡಲು ಕರ್ತನಿಗಿರಬೇಕಾದ ಅರ್ಹತೆಯ, ವಿಚಾರ. ಶಬ್ದ ನಿತ್ಯವಾಗಿದ್ದು ಧ್ವನಿ ಕೇವಲ ವ್ಯಂಜಕವಾದರೆ, ಕಂಠದಂತೆ ಸ್ಪೀಕರೂ ಅದನ್ನು ವ್ಯಕ್ತಗೊಳಿಸಬಾರದೇಕೆ? ವೈದಿಕ ಪರಂಪರೆ ಇದಕ್ಕೆ ಎಡೆಗೊಡಲಿಲ್ಲ. ಪಾಣಿನೀಯ ಶಿಕ್ಷೆಯು ಬರೆದದ್ದನ್ನು ನೋಡಿ ಓದುವವನನ್ನು ಅಧಮ ಪಾಠಕರ ಸಾಲಿಗೇ ಸೇರಿಸಿದೆ. ದೈವಾರಾಧನೆಯಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟು: ಪಡುಮಲೆ, ಪಂಜ, ಎಣ್ಮೂರುಗಳ ನೆಲದಲ್ಲೇ ನಡೆದ ಕೋಟಿ ಚೆನ್ನಯರ ಕಥೆಯನ್ನು ಗದ್ದೆಯಲ್ಲಿ ನೇಜಿ ನೆಡುವವಳು ಹಾಡಬಹುದು, ಅಂಗಡಿಯಲ್ಲಿ ಮೊಬೈಲು ಹಾಡಬಹುದು, ನೇಮದ ಕಳದಲ್ಲಿ ದೈವ ಕಟ್ಟುವವರ ಮನೆತನದವರೇ ಹೇಳಬೇಕು. ಆದ್ದರಿಂದ ಮುದ್ರಿತ ಪಾಡ್ದನವು ನೇಮದ ಪ್ರತಿನಿಧಿಯಾಗಲಾರದು, ಸಾಕ್ಷಿಯಾಗಬಹುದು.

ಸಾಕ್ಷಿಯನ್ನು ತಿದ್ದದೆ ಇಡುವುದು ಮುಖ್ಯವಾದಲ್ಲಿ, ಕಲಿಯಲು ಕಷ್ಟವಾದ ರೀಪರ್‌ನಂಥ ತಂತ್ರಾಂಶವೇ ಮೇಲು. ಅದರಲ್ಲಿ ಕತ್ತರಿಸಿದರೂ ತಗ್ಗಿಸಿದರೂ ಮೂಲ ಕಡತ ಹಾಗೆಯೇ ಉಳಿದಿರುತ್ತದೆ. ಮನೆಯ ಭಜನೆಗೆ ಅಷ್ಟು ಪಾಡು ಬೇಡ, ಆಡಾಸಿಟಿ ಧಾರಾಳವಾಗಿ ಸಾಕು. ಆದರೆ ಪಾಡ್ದನದ ಯಾವ ಸಾಲನ್ನು ಬಿಡಬಹುದು, ಯಾವ ಸದ್ದನ್ನು ತೆಗೆಯಬಹುದು ಎಂದು ಹೇಳುವ ಹಕ್ಕು ಹಾಡಿದವಳದೋ, ನೇಮ ನಡೆಸುವ ಗುತ್ತಿನ ಮನೆಯದೋ ಎಂಬುದು ಯಾವ ತಂತ್ರಾಂಶದ ಕೈಪಿಡಿಯಲ್ಲೂ ಇಲ್ಲ, ಹಾಗಾಗಿ ಸದ್ಯಕ್ಕೆ ಅದನ್ನು ತೀರ್ಮಾನಿಸುತ್ತಿರುವವನು ಮೌಸ್ ಹಿಡಿದವನು.