ಮುಂದಕ್ಕೆ ಸಾಗದ ಸೈಕಲ್ಲು

ಸೈಕಲ್ಲಿನ ಹಿಂದಿನ ಚಕ್ರವನ್ನು ಉಕ್ಕಿನ ಚೌಕಟ್ಟೊಂದಕ್ಕೆ ಬಿಗಿದು, ನಡುಮನೆಯಲ್ಲಿ ಅರ್ಧ ಗಂಟೆ ತುಳಿದು, ಹತ್ತಿದಲ್ಲಿಯೇ ಇಳಿಯುವ ವ್ಯಾಯಾಮವೊಂದು ಪಟ್ಟಣಗಳಲ್ಲಿ ಬಳಕೆಗೆ ಬಂದಿದೆ. ಆ ಚೌಕಟ್ಟಿಗೆ ಟ್ರೈನರ್ ಎಂದು ಹೆಸರು. ಆನವಟ್ಟಿಯ ಗೃಹಸ್ಥನೊಬ್ಬನು ಅಂಥದೊಂದನ್ನು ತರಿಸಲು ಯೋಚಿಸಿದನೆನ್ನೋಣ. ಜಗಲಿಯ ಮೇಲಿನ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆ ಅದರ ಬೆಲೆಯದಾಗಿರಲಾರದು. "ಅಷ್ಟು ತುಳಿದು ಬಂದದ್ದೇನಪ್ಪ? ಅಷ್ಟು ಹೊತ್ತು ಹಿತ್ತಲಲ್ಲಿ ಸೌದೆ ಒಡೆದಿದ್ದರೆ ಬಚ್ಚಲೊಲೆಗಾದರೂ ಆಗುತ್ತಿತ್ತು" ಎಂದಾರು.

ಈ ಮಾತನ್ನು ಹಳಬರ ಹಾಸ್ಯವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಆಷಾಢದ ಮಳೆಯಲ್ಲಿ ಸೊರಬದ ಸೀಮೆಯ ಗದ್ದೆಗಳಲ್ಲಿ ಹೆಂಗಸರು ಬೆನ್ನು ಬಾಗಿಸಿ ನಾಟಿ ಮಾಡುತ್ತಿರುವಾಗ, ತನ್ನ ಹಿತ್ತಲ ಕೆಲಸವನ್ನು ಕೂಲಿಗೆ ಒಪ್ಪಿಸಿ, ಉಳಿದುಹೋದ ಬಲವನ್ನು ಕಳೆಯುವುದಕ್ಕೆ ಹಣ ತೆತ್ತು ಯಂತ್ರ ಕೊಳ್ಳುವವನ ನಡತೆಯಲ್ಲಿ ಏನೋ ಒಂದು ವಿಪರ್ಯಾಸವಿದೆ. ಇದಕ್ಕೆ ಸಮನಾದ ದೃಷ್ಟಾಂತವು ಇಂಗ್ಲೆಂಡಿನ ಚರಿತ್ರೆಯಲ್ಲಿ ದೊರೆಯುತ್ತದೆ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರನು ಅಲ್ಲಿಯ ಸೆರೆಮನೆಗಳಿಗಾಗಿ ತುಳಿಚಕ್ರವೊಂದನ್ನು ರಚಿಸಿದನು. ಕೈದಿಗಳು ಅದರ ಮೆಟ್ಟಿಲುಗಳನ್ನು ಹೊತ್ತುಗಟ್ಟಲೆ ಹತ್ತುತ್ತಲೇ ಇರಬೇಕು, ಆದರೆ ಒಂದು ಗೇಣೂ ಮೇಲೇರುವಂತಿಲ್ಲ. ಕೆಲವೆಡೆ ಅದರಿಂದ ಕಾಳು ಬೀಸಿದರು, ನೀರೆತ್ತಿದರು. ಕೆಲವೆಡೆ ಅದು ತಿರುಗಿಸಿದ್ದು ಬರಿಯ ಗಾಳಿಯನ್ನು. 1898ರ ಕಾನೂನಾದ ಮೇಲೆ ಆ ಶಿಕ್ಷೆ ನಿಂತುಹೋಯಿತು. ಅಂದು ದಂಡನೆಯೆಂದು ವಿಧಿಸಿದ್ದನ್ನು ಇಂದು ಹಣ ಕೊಟ್ಟು ಮನೆಗೆ ತರುವುದೆ?

ಕಾಲು ಅದೇ, ಬೆವರೂ ಅದೇ, ಭೇದವೆಲ್ಲಿದೆ? ಚರಕನು ವ್ಯಾಯಾಮದ ಲಕ್ಷಣವನ್ನು ಹೇಳುವಾಗ ಎರಡು ಮಾತುಗಳನ್ನು ಸೇರಿಸಿದ್ದಾನೆ. ಆ ಚೇಷ್ಟೆ ಇಷ್ಟವಾದುದಾಗಿರಬೇಕು, ಮಾತ್ರೆಯರಿತು ನಡೆಯಬೇಕು. ಕೈದಿಗೆ ಈ ಎರಡೂ ಇರಲಿಲ್ಲ. ಹತ್ತುವುದು ಅವನ ಇಚ್ಛೆಯಲ್ಲ, ನಿಲ್ಲಿಸುವುದು ಅವನ ಅಧಿಕಾರವಲ್ಲ. ಹೀಗಾಗಿ ಶ್ರಮವನ್ನು ದಂಡನೆಯಾಗಿಸಿದ್ದು ಫಲದ ಅಭಾವವಲ್ಲ. ಕಾಳು ಬೀಸಿದ ಕೈದಿಯೂ ಕೈದಿಯೇ ಆಗಿದ್ದನು. ಮಾತ್ರೆಯು ಯಾರ ಕೈಯಲ್ಲಿದೆಯೆಂಬುದೇ ಇಲ್ಲಿ ನೋಡತಕ್ಕ ವಿಷಯ. ಯಂತ್ರವನ್ನು ಆರಿಸುವವನು ಅಂಗಡಿಯವನ ಪಟ್ಟಿಗಿಂತ ಮೊದಲು ಇದನ್ನೇ ವಿಚಾರಿಸಬೇಕು.

ಮಳೆಯಿಲ್ಲದ ತಿಂಗಳುಗಳಲ್ಲಿ ಆನವಟ್ಟಿಯವರಿಗೆ ಈ ಸಲಕರಣೆಯೇ ಬೇಡ. ಕುಬಟೂರಿನ ಕೈಟಭೇಶ್ವರ ದೇವಾಲಯದವರೆಗೆ ಸೈಕಲ್ಲು ಹೊಡೆದು ಬಂದರೆ ವ್ಯಾಯಾಮವೂ ಆಯಿತು, ದರ್ಶನವೂ ಆಯಿತು. ಇದರ ಉಪಯೋಗವಿರುವುದು ಜಡಿಮಳೆಯ ಕಾಲದಲ್ಲಿ. ಇಲ್ಲಿ ಒಂದು ಸೂಕ್ಷ್ಮವಿದೆ. ಬಲಶಾಲಿಯಾದವನೂ ಅರ್ಧಶಕ್ತಿಯನ್ನು ಮೀರಬಾರದು, ಅದೂ ಶೀತಕಾಲದಲ್ಲಿ ಮತ್ತು ವಸಂತದಲ್ಲಿ. ಮಿಕ್ಕ ಋತುಗಳಲ್ಲಿ ಇನ್ನೂ ಮಂದವಾಗಿರಬೇಕು ಎಂದು ವಾಗ್ಭಟನ ಮತ. ಯಂತ್ರ ಬೇಕಾಗುವ ಋತುವೇ ಶಾಸ್ತ್ರವು ಮೆಲ್ಲಗೆ ಎಂದು ಹೇಳುವ ಋತು! ಆದಕಾರಣ ಮಳೆಗಾಲಕ್ಕೆಂದು ಕೊಳ್ಳುವ ಟ್ರೈನರ್ ಎಷ್ಟು ಬಿಗಿಯಾಗಬಲ್ಲದೆಂಬುದಕ್ಕಿಂತ ಎಷ್ಟು ಹಗುರಾಗಬಲ್ಲದೆಂಬುದನ್ನು ಪರೀಕ್ಷಿಸುವುದು ಯುಕ್ತ.

ಇವುಗಳಲ್ಲಿ ಹಲವು ಜಾತಿಗಳುಂಟು. ಮೂರು ಉರುಳೆಗಳ ಮೇಲೆ ಸೈಕಲ್ಲನ್ನು ಸುಮ್ಮನೆ ನಿಲ್ಲಿಸಿ ತುಳಿಯುವಂಥದು ಸಮತೋಲ ಬಲ್ಲ ತರುಣರಿಗೆ ಮಾತ್ರ. ಗಾಳಿಯ ರೆಕ್ಕೆಯುಳ್ಳದ್ದು ವೇಗ ಹೆಚ್ಚಿದಂತೆ ಮನೆಯೆಲ್ಲ ಮೊರೆಯುತ್ತದೆ. ಪಕ್ಕದ ಕೋಣೆಯಲ್ಲಿ ಓದುವ ಹುಡುಗನಿದ್ದರೆ ಅದು ಪರಪೀಡೆಯೇ ಸರಿ. ಅಯಸ್ಕಾಂತದಿಂದ ತಡೆಯೊಡ್ಡುವುದರಲ್ಲಿ ಬಿಗಿಯನ್ನು ಸನ್ನೆಯಿಂದ ಏರಿಸಿ ಇಳಿಸಬಹುದು. ದ್ರವ ತುಂಬಿದ್ದು ಇನ್ನೂ ನಯ. ಈ ಎರಡಕ್ಕೆ ಸಾಮಾನ್ಯವಾಗಿ ವಿದ್ಯುತ್ತಿನ ಹಂಗಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಗುಣವಲ್ಲ. ಹಿಂದಿನ ಚಕ್ರವನ್ನೇ ಕಳಚಿ ಸರಪಳಿಯನ್ನು ಯಂತ್ರದ ಹಲ್ಲುಗಾಲಿಗೆ ಹೂಡುವಂಥದು ಹೆಚ್ಚಿನ ಬೆಲೆಯದು. ಟೈರು ಸವೆಯುವುದಿಲ್ಲ, ಸದ್ದೂ ಕಡಮೆ.

ಈ ಕಡೆಯ ಜಾತಿಯಲ್ಲಿ ಒಂದು ಕುಶಲತೆಯುಂಟು. ಇಷ್ಟು ಶಕ್ತಿ ವ್ಯಯವಾಗಬೇಕೆಂದು ಮೊದಲೇ ಗೊತ್ತುಪಡಿಸಿದರೆ, ಕಾಲು ಸೋತು ನಿಧಾನವಾದೊಡನೆ ಯಂತ್ರವು ತಾನೇ ಬಿಗಿಯನ್ನೇರಿಸಿ ಅಷ್ಟನ್ನೂ ಕೇಳಿ ಪಡೆಯುತ್ತದೆ. ಸೋತಷ್ಟೂ ಭಾರ ಹೆಚ್ಚು. 2020ರ ಜುಲೈ ತಿಂಗಳಲ್ಲಿ, ಸಾಂಕ್ರಾಮಿಕದಿಂದ ರಸ್ತೆಯ ಪಂದ್ಯ ಮುಂದೆ ಹೋಗಿದ್ದಾಗ, ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಪಂದ್ಯದ ಹೆಸರಿನಲ್ಲಿ ಸವಾರರು ತಮ್ಮ ತಮ್ಮ ಮನೆಗಳಲ್ಲೇ ಟ್ರೈನರ್ ತುಳಿದು ತೆರೆಯ ಮೇಲೆ ಸ್ಪರ್ಧಿಸಿದರು. ಅಂಥ ಅಭ್ಯಾಸಿಗೆ ಈ ಕಟ್ಟುನಿಟ್ಟು ತಾನೇ ತೊಟ್ಟ ವ್ರತದಂತೆ, ದೂಷಿಸುವಂತಿಲ್ಲ. ಆದರೆ ಅರುವತ್ತು ದಾಟಿದ ಗೃಹಸ್ಥನು ತನ್ನ ಉಸಿರಿನ ಮಾತು ಬಿಟ್ಟು ಅಂಕಿಯ ಮಾತು ಕೇಳತೊಡಗಿದರೆ, ಕ್ಯೂಬಿಟ್ಟನ ಚಕ್ರವು ನಡುಮನೆಗೆ ಬಂದಂತೆಯೇ. ಉಸಿರು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ಸುಶ್ರುತನು ಗುರುತು ಹೇಳಿದ್ದಾನೆ. ಅದನ್ನು ಅರಿಯಲು ವಿದ್ಯುತ್ತು ಬೇಡ.

ಮಿತವ್ಯಯಿಗಳು ಮನೆಯ ಹಳೆಯ ಸೈಕಲ್ಲನ್ನೇ ಹೂಡಲು ಬಯಸುವುದು ಸಹಜ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತಷ್ಟೆ. ಹಾಗೆ ಬಂದು, ಮಕ್ಕಳು ದೊಡ್ಡವರಾದ ಮೇಲೆ ಗೋಡೆಗೊರಗಿದ ಸೈಕಲ್ಲುಗಳು ಹಳ್ಳಿಯ ಮನೆಗಳಲ್ಲಿ ಇಲ್ಲದಿಲ್ಲ. ಆದರೆ ನಟ್ಟು ಬಿಗಿದ ಅಚ್ಚು, ಹಿಂದಿನ ಸ್ಟ್ಯಾಂಡು, ಮಡ್ಗಾರ್ಡುಗಳು ಟ್ರೈನರಿನ ಹಿಡಿತಕ್ಕೆ ಅಡ್ಡಬರಬಹುದು. ಅಳತೆ ನೋಡದೆ ಹಣ ಕಳುಹಿಸಬಾರದು.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಯಂತ್ರವು ಮನೆಯಲ್ಲಿ ಯಾರದೆಂಬುದು. ಯಜಮಾನನ ಎತ್ತರಕ್ಕೆ ಹೊಂದಿದ ಸೈಕಲ್ಲಿನ ಮೇಲೆ ಗೃಹಿಣಿ ಕೂರಲಾರಳು. ಆಕೆಗೆ ದಿನವಿಡೀ ಮನೆಗೆಲಸವಿದೆ, ವ್ಯಾಯಾಮವೇಕೆ ಎನ್ನುವವರು ಚರಕನ ಲಕ್ಷಣವನ್ನು ಮತ್ತೊಮ್ಮೆ ನೋಡಬೇಕು. ಇಷ್ಟವೂ ಮಾತ್ರೆಯೂ ಆ ಕೆಲಸದಲ್ಲಿ ಎಷ್ಟಿವೆ? ಬೀದಿಯಲ್ಲಿ ಸೈಕಲ್ಲು ಹತ್ತಲು ಸಂಕೋಚಪಡುವ ನಡುವಯಸ್ಸಿನ ಹೆಂಗಸಿಗೆ ಅರ್ಧ ಗಂಟೆ ತನ್ನದೇ ಆಗುವುದಾದರೆ ಅದು ಸೌದೆಗಿಂತ ಕಡಮೆಯ ಫಲವೇನಲ್ಲ. ಅಂಥ ಮನೆಗೆ ಟ್ರೈನರಿಗಿಂತ, ಗೂಟದಿಂದ ಸೀಟನ್ನು ಏರಿಳಿಸಬಹುದಾದ, ತನ್ನಷ್ಟಕ್ಕೆ ನಿಲ್ಲುವ ವ್ಯಾಯಾಮದ ಸೈಕಲ್ಲೇ ಲೇಸು.

ಹಿರಿಯರ ಆಕ್ಷೇಪವು ಇಷ್ಟರಿಂದ ಪೂರ್ತಿಯಾಗಿ ಪರಿಹಾರವಾಯಿತೆನ್ನಲಾಗದು. ಕೊಡಲಿ ಹಿಡಿಯುವುದು ಅಂತಸ್ತಿಗೆ ಕುಂದೆಂದು ಬಗೆದು ಸೈಕಲ್ಲು ತುಳಿಯುವವನಿಗೆ ಅದು ಹಾಗೆಯೇ ತಗಲುತ್ತದೆ. ಮೊಣಕಾಲು ನೋವಿನವನಿಗೆ, ಹಗಲೆಲ್ಲ ಕುರ್ಚಿಗಂಟಿದ ಗುಮಾಸ್ತನಿಗೆ ತಗಲದು. ಯಂತ್ರ ಬಂದ ಮೇಲೆ ಅದನ್ನು ಕಿಟಕಿಯ ಬಳಿ, ಗಾಳಿಯಾಡುವಲ್ಲಿ ಇರಿಸಬೇಕು. ನಿಂತ ಸೈಕಲ್ಲಿಗೆ ಎದುರುಗಾಳಿಯಿಲ್ಲ, ಬೆವರು ಬೇಗ ಆರದು. ಶ್ರಾವಣದಲ್ಲಿ ಒಣಗದ ಪಂಚೆ ಸೀರೆಗಳನ್ನು ಅದರ ಹ್ಯಾಂಡಲಿಗೆ ಹರವದಂತೆ ಮನೆಯವರಲ್ಲಿ ಮೊದಲೇ ಒಪ್ಪಂದವಾಗಿರುವುದೂ ಒಳ್ಳೆಯದು.